ರೇಣುಕಯ್ಯನವರ ಕೊನೆಯ ವಾಕ್ಯ

ಸಾವಿರದ ಒಂಬೈನೂರ ಅರವತ್ತೊಂಬತ್ತನೆಯ ಇಸವಿಯ ಒಂದು ಶನಿವಾರ, ಮಿಡಿಗೇಶಿಯ ರೇಣುಕಯ್ಯನೆಂಬ ಹದಿನಾರು ವರ್ಷದ ಹುಡುಗ ಮಧುಗಿರಿಯಲ್ಲಿ ನಡೆಯಲಿದ್ದ ತಾಲ್ಲೂಕು ಮಟ್ಟದ ಪ್ರಬಂಧ ಸ್ಪರ್ಧೆಗೆ ಹೊರಟನು. ಬಸ್ಸು ಬರಲಿಲ್ಲ. ಹುಡುಗ ನಡೆದನು. ದಾರಿಯಲ್ಲಿ ಅಂಗಿಯ ಜೇಬಿನಲ್ಲಿದ್ದ ಮಸಿಕುಡಿಕೆಯ ಬಿರಡೆ ಸಡಿಲವಾಗಿ ಮಸಿಯ ಮುಕ್ಕಾಲು ಪಾಲು ಅಂಗಿಗೂ ಕಾಲು ಪಾಲು ಕುಡಿಕೆಗೂ ಸಂದಿತು. ವಿಷಯ ‘ಗೋವು’ ಎಂದು ಕರಿಹಲಗೆಯ ಮೇಲೆ ಬರೆದಾಗ ಅವನಿಗೆ ನೆನಪಾದದ್ದು ಜಯರಾಮಯ್ಯ ಮೇಷ್ಟ್ರು ಹೊರಡುವ ಮುನ್ನ ಕಿವಿಯಲ್ಲಿ ಊದಿದ್ದ ಒಂದೇ ಸೂತ್ರ: ‘ಉತ್ತಮವಾದದ್ದನ್ನು ಕೊನೆಗಿಡು.’ ಬರೆಯುತ್ತ ಹೋದಂತೆ ಮಸಿ ತೀರಿತು. ಹುಡುಗ ಅದಕ್ಕೆ ನೀರು ಬೆರೆಸಿದನು. ಅಕ್ಷರಗಳು ಪುಟದಿಂದ ಪುಟಕ್ಕೆ ತೆಳುವಾದವು. ‘ಗೋವು ತಿನ್ನುವುದು ಹುಲ್ಲು, ಕೊಡುವುದು ಹಾಲು, ಮನುಷ್ಯ ತಿನ್ನುವುದು ಅನ್ನ, ಕೊಡುವುದು ಮಾತು’ ಎಂಬ ಕೊನೆಯ ವಾಕ್ಯವಂತೂ ಬರಿಗಣ್ಣಿಗೆ ಕಾಣದಷ್ಟು ಬಿಳುಪಾಗಿತ್ತು. ತೀರ್ಪುಗಾರರು ಆ ಹಾಳೆಯನ್ನು ಕಿಟಕಿಯ ಬಳಿಗೆ ಒಯ್ದು, ಬಿಸಿಲಿಗೆ ಹಿಡಿದು, ಎರಡು ಸಲ ಓದಿದರು. ಮೊದಲ ಬಹುಮಾನ ಬಂದಿತು. ಬಹುಮಾನವಾಗಿ ಕೊಟ್ಟದ್ದು ಒಂದು ಮಸಿ ಪೆನ್ನು.

ಈ ಘಟನೆಯ ಸತ್ಯತೆಯನ್ನು ರೇಣುಕಯ್ಯನವರ ಮನೆಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಆಕ್ಷೇಪಣೆ ಇರುವುದು ಅದರ ಉದ್ದದ ಬಗ್ಗೆ ಮಾತ್ರ. ಇಲ್ಲಿ ಒಂದು ಪ್ಯಾರಾದಲ್ಲಿ ಮುಗಿದದ್ದು ಅವರ ಬಾಯಲ್ಲಿ ನಲವತ್ತು ನಿಮಿಷ ನಡೆಯುತ್ತದೆ. ಬಹುಮಾನದ ಸುದ್ದಿ ನಲವತ್ತನೆಯ ನಿಮಿಷಕ್ಕೆ ಮುಂಚೆ ಹೊರಬಿದ್ದ ದಾಖಲೆಯಿಲ್ಲ. ಜಯರಾಮಯ್ಯ ಮೇಷ್ಟ್ರ ಸೂತ್ರವನ್ನು ಅವರು ಪ್ರಬಂಧಕ್ಕಷ್ಟೇ ಸೀಮಿತಗೊಳಿಸಲಿಲ್ಲ, ಬಾಳಿಗೆಲ್ಲ ಹರಡಿಕೊಂಡರು. ಮಧುಗಿರಿ ತಾಲ್ಲೂಕು ಕಚೇರಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತರಾಗಿದ್ದಾಗ ಅವರು ಬರೆದ ಟಿಪ್ಪಣಿಗಳನ್ನು ಹಿಂದಿನಿಂದ ಮುಂದಕ್ಕೆ ಓದಬೇಕೆಂಬುದು ಏಳು ಮಂದಿ ತಹಶೀಲ್ದಾರರಿಗೆ ವರ್ಗಾವಣೆಯ ಹೊತ್ತಿಗಷ್ಟೇ ತಿಳಿದ ರಹಸ್ಯ. ಈಗ ಅವರಿಗೆ ಎಪ್ಪತ್ತೆರಡು. ಪೆನ್ನು ಇನ್ನೂ ಜೇಬಿನಲ್ಲಿದೆ, ಸೂತ್ರ ಇನ್ನೂ ತಲೆಯಲ್ಲಿದೆ.

ಇಂಥವರ ಕೈಗೆ ಮೊಮ್ಮಗಳು ಪ್ರಿಯಾಂಕಳ ಭವಿಷ್ಯ ಸಿಕ್ಕಿಬಿದ್ದದ್ದು ಒಂದು ಮೊಬೈಲ್ ನಂಬರಿನ ದೆಸೆಯಿಂದ.

ಪ್ರಿಯಾಂಕ ಪಿಯುಸಿ ಮುಗಿಸಿದ್ದಳು. ಅವಳ ತಂದೆ ಬಸವೇಶನಿಗೆ ಮಧುಗಿರಿಯಲ್ಲಿ ಬಟ್ಟೆ ಅಂಗಡಿ. ಅಂಗಡಿಯ ಗಾಜಿನ ಹಿಂದಿದ್ದ ಗೊಂಬೆಗೆ ವಾರಕ್ಕೆರಡು ಸಲ ಸೀರೆ ಬದಲಾಯಿಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ, ಸಿರಾಕ್ಕೆ ಹೋಗುತ್ತಿದ್ದ ಗಿರಾಕಿಗಳನ್ನು ಇಲ್ಲೇ ನಿಲ್ಲಿಸಿದ್ದವಳು ಅವಳೇ. ಅವಳಿಗೆ ಫ್ಯಾಶನ್ ಮರ್ಚಂಡೈಸಿಂಗ್ ಎಂಬ ವಿದ್ಯೆ ಬೇಕಾಗಿತ್ತು. ಯಾವ ಬಟ್ಟೆ ಯಾವಾಗ ತರಿಸಬೇಕು, ಹೇಗೆ ತೋರಿಸಬೇಕು, ಯಾರಿಗೆ ಮಾರಬೇಕು ಎಂಬುದನ್ನೆಲ್ಲ ಕಲಿಸುವ ಕೋರ್ಸು ಅದು. ಬಸವೇಶ ಒಂದು ಷರತ್ತು ಹಾಕಿದ್ದ: ಆ ಸೀಟೇ ಸಿಕ್ಕರೆ ಓದಬಹುದು, ಬೇರೇನಾದರೂ ಸಿಕ್ಕರೆ ಸುಮ್ಮನೆ ಬಂದು ಗಲ್ಲಾದಲ್ಲಿ ಕೂರಬೇಕು.

ಸಿರಾ ರಸ್ತೆಯಲ್ಲಿ ಹೊಸದಾಗಿ ತಲೆಯೆತ್ತಿದ್ದ ಕಾಲೇಜೊಂದರಲ್ಲಿ ಆರು ಕೋರ್ಸುಗಳಿದ್ದವು. ಪಾವಗಡದ ಸೋಲಾರ್ ಪಾರ್ಕನ್ನು ನೆನೆದು ತೆರೆದ ಸೋಲಾರ್ ತಂತ್ರಜ್ಞಾನದಿಂದ ಹಿಡಿದು ಬೇಕರಿ ವಿದ್ಯೆಯವರೆಗೆ ಎಲ್ಲವೂ ಒಂದೇ ಸೂರಿನಡಿ. ಅರ್ಜಿಯಲ್ಲಿ ಆರನ್ನೂ ಇಷ್ಟದ ಕ್ರಮದಲ್ಲಿ ತುಂಬಬೇಕಿತ್ತು. ಅರ್ಜಿಗೆ ಪೋಷಕರೆಂದು ಕೊಟ್ಟಿದ್ದದ್ದು ತಾತನ ಹೆಸರು, ನಂಬರು. ಕೊನೆಯ ದಿನ ಪ್ರಿಯಾಂಕ ಕೊರಟಗೆರೆಯಲ್ಲಿ ಸೋದರತ್ತೆಯ ಮನೆಯ ಗೃಹಪ್ರವೇಶದಲ್ಲಿದ್ದಳು. ಅಲ್ಲಿಂದಲೇ ಫೋನು ಮಾಡಿ, ನಿನ್ನ ಮೊಬೈಲಿಗೆ ಒಂದು ಓಟಿಪಿ ಬರುತ್ತೆ, ಓದಿ ಹೇಳು ತಾತ, ಎಂದು ಕೇಳಿದಳು. ಓಟಿಪಿಯನ್ನು ಯಾರಿಗೂ ಹೇಳಕೂಡದೆಂದು ಬ್ಯಾಂಕಿನವರು ಅಪ್ಪಣೆ ಮಾಡಿರುವುದಾಗಿಯೂ, ಆ ಅಪ್ಪಣೆಯಲ್ಲಿ ಮೊಮ್ಮಕ್ಕಳಿಗೆ ವಿನಾಯಿತಿ ಕಂಡುಬರುವುದಿಲ್ಲವೆಂದೂ ರೇಣುಕಯ್ಯನವರು ತಿಳಿಸಿದರು. ಅವಳು ಹತ್ತು ನಿಮಿಷ ವಾದಿಸಿ, ಸೋತು, ಮೇಜಿನ ಮೇಲೆ ಕ್ರಮವಾಗಿ ಬರೆದಿಟ್ಟಿರುವ ಚೀಟಿ ಇದೆ, ಅನಿಲ್ ಕುಮಾರನ ಸೈಬರ್ ಅಂಗಡಿಗೆ ಹೋಗಿ ಅದರಂತೆಯೇ ತುಂಬಿಸು, ಓಟಿಪಿ ನೀನೇ ಒತ್ತು ಎಂದಳು.

ಅದೇ ಹೊತ್ತಿಗೆ ಮಿಡಿಗೇಶಿಯಿಂದ ಬಾಲ್ಯದ ಗೆಳೆಯ ಗಂಗಹನುಮಯ್ಯನೂ ಒಂದು ಚೀಟಿ ಹಿಡಿದು ಬಂದ. ಅವನಿಗೆ ನೂರಿಪ್ಪತ್ತು ಕುರಿ, ಒಬ್ಬ ಮೊಮ್ಮಗ. ಮೊಮ್ಮಗ ಚೇತನ್ ಕುಮಾರನಿಗೆ ಅದೇ ಕಾಲೇಜಿನಲ್ಲಿ ಪ್ರಾಣಿ ಆರೋಗ್ಯದ ಡಿಪ್ಲೊಮಾ ಬೇಕಿತ್ತು. ಗಂಗಹನುಮಯ್ಯನ ಗುಂಡಿಯ ಮೊಬೈಲು ಮೆಸೇಜು ನುಂಗುವ ಜಾತಿಯದಾದ್ದರಿಂದ ಅದಕ್ಕೂ ರೇಣುಕಯ್ಯನವರ ಹೆಸರು, ನಂಬರೇ ಗತಿಯಾಗಿತ್ತು. ಎರಡು ಚೀಟಿಗಳನ್ನೂ ಜೇಬಿಗಿಳಿಸಿ ಅವರು ಸೈಬರ್ ಅಂಗಡಿಗೆ ನಡೆದರು.

ಚೀಟಿಗಳನ್ನು ಬಿಚ್ಚಿ ನೋಡಿದಾಗ ಅವರಿಗೆ ಈಗಿನ ಮಕ್ಕಳ ಬಗ್ಗೆ ಮರುಕ ಹುಟ್ಟಿತು. ಹುಡುಗಿ ತನಗೆ ಪ್ರಾಣಪ್ರಿಯವಾದ ಫ್ಯಾಶನ್ನನ್ನು ತಲೆಯ ಮೇಲೆಯೇ ಬರೆದು, ಬೇಡವೇ ಬೇಡವೆನಿಸಿದ ಪ್ರಾಣಿ ಆರೋಗ್ಯವನ್ನು ಬುಡಕ್ಕೆ ಹಾಕಿದ್ದಳು. ಹುಡುಗನದು ಅದರ ತದ್ವಿರುದ್ಧ. ಆರೋಹಣವೆಂಬುದನ್ನೇ ಅರಿಯದ ಬರವಣಿಗೆ. ಅವರು ಎರಡನ್ನೂ ಕೆಳಗಿನಿಂದ ಮೇಲಕ್ಕೆ ಓದಿ ಹೇಳತೊಡಗಿದರು.

ಅನಿಲ್ ಕುಮಾರ್ ಕೀಲಿಮಣೆಯಿಂದ ಕೈ ತೆಗೆದ. “ಸಾರ್, ಚೀಟೀಲಿ ಫ್ಯಾಶನ್ ಒಂದನೇದು ಅಂತೈತೆ. ನೀವು ಆರನೇದಕ್ಕೆ ಹಾಕುಸ್ತಿದೀರ.”

“ಸಭೆಯಲ್ಲಿ ಮೊದಲು ಮಾತಾಡುವವರು ಯಾರಪ್ಪ?”

“ಸ್ವಾಗತ ಮಾಡೋರು.”

“ಕೊನೆಗೆ?”

“ವಂದನಾರ್ಪಣೆ ಮಾಡೋರು.”

“ಅದಕ್ಕೂ ಮುಂಚೆ?”

“ಅಧ್ಯಕ್ಷರು.”

“ತಿಳಿಯಿತಲ್ಲ. ಒತ್ತು.”

“ಅಷ್ಟೊತ್ತಿಗೆ ಜನ ಎದ್ದೋಗಿರ್ತಾರೆ ಸಾರ್,” ಎಂದು ಅನಿಲ್ ಕುಮಾರ್ ಗೊಣಗಿದ. ಆದರೆ ಹಿಂದೆ ಎಂಟು ಮಂದಿ ಸಾಲಿನಲ್ಲಿ ನಿಂತಿದ್ದರು, ಒತ್ತಿದ. ಇನ್ನು ಬದಲಾವಣೆಗೆ ಅವಕಾಶವಿಲ್ಲ, ಒಪ್ಪಿಗೆಯೇ ಎಂದು ಯಂತ್ರ ಕೇಳಿದಾಗ, ಬದಲಾಯಿಸುವಂಥದ್ದೇನೂ ಉಳಿದಿಲ್ಲವೆಂದು ರೇಣುಕಯ್ಯನವರು ಒಪ್ಪಿಗೆ ಕೊಟ್ಟರು.

ಹತ್ತನೆಯ ದಿನ ಫಲಿತಾಂಶ ಬಂತು. ಪ್ರಿಯಾಂಕಳಿಗೆ ಪ್ರಾಣಿ ಆರೋಗ್ಯ. ಚೇತನ್ ಕುಮಾರನಿಗೆ ಫ್ಯಾಶನ್ ಮರ್ಚಂಡೈಸಿಂಗ್.

ಯಂತ್ರಕ್ಕೆ ಪ್ರಬಂಧ ಓದಲು ಬಾರದೆಂದು ರೇಣುಕಯ್ಯನವರು ತೀರ್ಪಿತ್ತರು. ಪ್ರಿಯಾಂಕ ಅರ್ಜಿಯ ಪ್ರತಿಯನ್ನು ತೆರೆದು ಮೇಲಿನಿಂದ ಕೆಳಕ್ಕೆ ಬೆರಳಾಡಿಸಿದಳು. ಆಮೇಲೆ, “ತಾತ, ನೀನು ನನ್ನ ಚೀಟಿಯನ್ನ ತಲೆಕೆಳಗು ಮಾಡಿದ್ದೀಯ,” ಎಂದಳು. ತಾವು ತಲೆಕೆಳಗಾಗಿದ್ದುದನ್ನು ನೇರ ಮಾಡಿದ್ದಾಗಿ ಅವರು ವಿವರಿಸಲು ಹೊರಟರು. ಅಡುಗೆಮನೆಯಿಂದ ಹೆಂಡತಿ ಜಗದಾಂಬ, ತಟ್ಟೆಗಳ ಸದ್ದಿನ ನಡುವೆಯೇ, “ಎಲೆ ತುದಿಗೆ ಪಾಯಸ ಮೊದ್ಲು ಬಡಿಸ್ತಾರಲ್ಲ, ಅದು ಯಾಕೆ ಅಂತ ನಿಮ್ ಮೇಷ್ಟ್ರು ಹೇಳ್ಕೊಡ್ಲಿಲ್ವೇನ್ರಿ?” ಎಂದು ಕೇಳಿದರು. ಅದೇ ಹೊತ್ತಿಗೆ ಗಂಗಹನುಮಯ್ಯ ಮೊಮ್ಮಗನೊಡನೆ ಹೊಸಿಲು ದಾಟಿದ. ಅವನ ಮುಖ ಹೆಗಲ ಮೇಲಿನ ಕಂಬಳಿಯಷ್ಟೇ ಕಪ್ಪಾಗಿತ್ತು.

“ರೇಣುಕಣ್ಣ, ಇವ್ನು ಹುಟ್ಟಿದ್ದು ಕುರಿರೊಪ್ಪದ ಪಕ್ದಾಗೆ. ಕತ್ಲಾಗೆ ಕುರಿ ಕೆಮ್ಮುದ್ರೆ ಯಾವ್ ಕುರಿ ಅಂತ ಮಲಗಿದ್ದಂಗೇ ಹೇಳ್ತಾನೆ. ಅಂತೋನ್ನ ಸೀರೆ ಮಡ್ಸೋಕೆ ಹಾಕ್ಬುಟ್ಯಲ್ಲಣ್ಣ.”

ಮಾತು ಇನ್ನೂ ಬೆಳೆಯುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಸಣ್ಣಕ್ಕ ಒಂದು ಮೇಕೆಯನ್ನು ಎಳೆದುಕೊಂಡು ಅಂಗಳಕ್ಕೆ ಬಂದಳು. ಸುದ್ದಿ ಅವಳಿಗೆ ಗೋಡೆಯ ಮೂಲಕ ತಲುಪಿತ್ತು. ಮೇಕೆ ಎರಡು ದಿನದಿಂದ ಮೇವು ಮುಟ್ಟಿಲ್ಲ, ಡಾಕ್ಟ್ರಮ್ಮ ಸ್ವಲ್ಪ ನೋಡಬೇಕು ಎಂದಳು. ಕಾಲೇಜು ಇನ್ನೂ ಶುರುವೇ ಆಗಿಲ್ಲ, ಶುರುವಾದರೂ ತಾನು ಅಲ್ಲಿಗೆ ಹೋಗುವುದಿಲ್ಲ ಎಂದು ಪ್ರಿಯಾಂಕ ಹಲ್ಲು ಕಚ್ಚಿ ಹೇಳಿದಳು.

“ನೀನ್ ಓದಿ ಬರೋಗಂಟ ಮೇಕೆ ಕಾಯ್ತದೇನವ್ವ?” ಎಂದಳು ಸಣ್ಣಕ್ಕ.

ಮೂಲೆಯಲ್ಲಿ ನಿಂತಿದ್ದ ಚೇತನ್ ಕುಮಾರ್ ಯಾರನ್ನೂ ಕೇಳದೆ ಮೇಕೆಯ ದವಡೆ ಹಿಡಿದು ಬಾಯಿ ತೆರೆಸಿ, ಒಳಗೆ ಬೆರಳಿಟ್ಟು, ಒಸಡಿನಿಂದ ಒಂದು ಜಾಲಿಮುಳ್ಳನ್ನು ಕಿತ್ತು ಸಣ್ಣಕ್ಕನ ಅಂಗೈ ಮೇಲಿಟ್ಟ. ಮೇಕೆ ಕೃತಜ್ಞತೆಯಿಂದ ಪ್ರಿಯಾಂಕಳ ದುಪಟ್ಟಾದ ತುದಿಯನ್ನು ತಿನ್ನಲಾರಂಭಿಸಿತು. ಗಂಗಹನುಮಯ್ಯ ರೇಣುಕಯ್ಯನವರನ್ನು ನೋಡಿದ. ಪ್ರಿಯಾಂಕಳೂ ನೋಡಿದಳು. ಮೇಕೆಯೊಂದನ್ನು ಬಿಟ್ಟು ಅಲ್ಲಿದ್ದ ಎಲ್ಲರೂ ಅವರನ್ನೇ ನೋಡಿದರು.

ಮರುದಿನ ಪ್ರಿಯಾಂಕ ಕಾಲೇಜಿಗೆ ಹೋಗಿ ವಿಚಾರಿಸಿ ಬಂದಳು. ಇಬ್ಬರು ವಿದ್ಯಾರ್ಥಿಗಳು ಸೀಟು ಅದಲುಬದಲು ಮಾಡಿಕೊಳ್ಳಲು ಅವಕಾಶವಿತ್ತು. ಆದರೆ ಅರ್ಜಿಯಲ್ಲಿ ನಮೂದಾಗಿರುವ ಪೋಷಕರೇ ಲಿಖಿತ ಮನವಿ ಕೊಡಬೇಕು. ಎರಡೂ ಅರ್ಜಿಗಳಲ್ಲಿ ನಮೂದಾಗಿದ್ದ ನಂಬರು, ಹೆಸರು ರೇಣುಕಯ್ಯನವರದೇ. “ಒಂದೇ ಸಾಲು ಸಾಕು ತಾತ. ನಾನೇ ಹೇಳ್ತೀನಿ, ನೀನು ಬರ್ಕೋ,” ಎಂದು ಅವಳು ಬೇಡಿಕೊಂಡಳು. ಒಂದು ಸಾಲಿನ ಅರ್ಜಿಯನ್ನು ತಾವು ಸೇವೆಯಲ್ಲಿದ್ದಾಗ ಕಸದ ಬುಟ್ಟಿಗೆ ಹಾಕುತ್ತಿದ್ದುದಾಗಿ ಅವರು ನೆನಪಿಸಿಕೊಂಡರು. ಬಾಗಿಲು ಹಾಕಿಕೊಂಡು ಎರಡು ದಿನ ಬರೆದರು. ಯಾರೂ ತಿದ್ದಬಾರದೆಂದು ಲಕೋಟೆಯನ್ನು ಅನ್ನದ ಅಗುಳಿನಿಂದ ಅಂಟಿಸಿದರು.

ಮನವಿ ನಾಲ್ಕು ಪುಟವಿತ್ತು. ‘ವಿಷಯ: ಪ್ರಾಣಿ ಆರೋಗ್ಯ ಕೋರ್ಸು ಇತ್ಯಾದಿ’ ಎಂದು ಮೇಲೆ ಬರೆದಿತ್ತು, ಅಸಲು ಸಂಗತಿಯೆಲ್ಲ ಆ ‘ಇತ್ಯಾದಿ’ಯೊಳಗೆ ಅಡಗಿತ್ತು. ಮೊದಲ ಪುಟದಲ್ಲಿ ಗೋವಿನ ಮಹಿಮೆ. ಎರಡನೆಯದರಲ್ಲಿ ಮೂಕಪ್ರಾಣಿಗಳ ಸೇವೆಗೆ ಕಾಲೇಜು ತೆರೆದ ಮಹನೀಯರ ಔದಾರ್ಯ. ಮೂರನೆಯದರಲ್ಲಿ ನೇಯ್ಗೆಯ ಪ್ರಾಚೀನತೆ. ನಾಲ್ಕನೆಯ ಪುಟದ ತಳದಲ್ಲಿ, ಸಹಿಯ ನೆತ್ತಿಯ ಮೇಲೆ, ಸೀಟು ಅದಲುಬದಲಿನ ಕೋರಿಕೆ ಮಹಾರಾಜನಂತೆ ಒಬ್ಬಂಟಿಯಾಗಿ ಕುಳಿತಿತ್ತು.

ಕಾಲೇಜಿನ ಪ್ರವೇಶ ವಿಭಾಗದ ಸರೋಜಮ್ಮ ಲಕೋಟೆ ಒಡೆದು ಮೊದಲ ಪುಟವನ್ನು ಕಿಟಕಿಯಲ್ಲೇ ಓದಿದರು. ಓದುತ್ತ ಕನ್ನಡಕ ತೆಗೆದು ಒರೆಸಿಕೊಂಡರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ತಮ್ಮ ಕಿಟಕಿಗೆ ಬೈಗುಳವಿಲ್ಲದ ಕಾಗದ ಬಂದದ್ದು ಇದೇ ಮೊದಲೆಂದು ಹೇಳಿ, ಮುಂದಿನ ಪುಟ ತಿರುವದೆ, ಅದನ್ನು ನೇರ ಪ್ರಾಂಶುಪಾಲ ಪ್ರಭುದೇವ್ ಅವರ ಮೇಜಿಗೆ ಒಯ್ದರು. ಅವರೂ ಮೊದಲ ಪುಟ ಓದಿದರು. ಸೂಚನಾ ಫಲಕದಲ್ಲಿ ಒಂದು ಪುಟಕ್ಕಷ್ಟೇ ಜಾಗವಿದ್ದುದರಿಂದ ಮೊದಲ ಪುಟವನ್ನು ಅಲ್ಲಿಗೆ ಚುಚ್ಚಿಸಿ, ಉಳಿದ ಮೂರನ್ನು ಕಡತಕ್ಕೆ ಸೇರಿಸಿದರು. ಸೀಟು ಸಿಕ್ಕ ಸಂತೋಷಕ್ಕೆ ಒಬ್ಬ ಹಿರಿಯರು ಬರೆದ ಧನ್ಯವಾದ ಪತ್ರವೆಂದು ಇಡೀ ಕಾಲೇಜು ಅದನ್ನು ಓದಿತು.

ಎರಡು ದಿನ ಬಿಟ್ಟು ರೇಣುಕಯ್ಯನವರಿಗೆ ಫೋನು ಬಂತು. ಗುರುವಾರ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭ. ಪೋಷಕರ ಪರವಾಗಿ ತಾವೇ ಮಾತಾಡಬೇಕು. ಮನವಿ ಮುಟ್ಟಿತಲ್ಲ ಎಂದು ಅವರು ಕೇಳಿದರು. ಹೃದಯಕ್ಕೇ ಮುಟ್ಟಿತು ಎಂದು ಉತ್ತರ ಬಂತು. ರೇಣುಕಯ್ಯನವರು ಮನೆಯವರನ್ನೆಲ್ಲ ಕರೆದು ಬರವಣಿಗೆಯ ಶಕ್ತಿಯ ಬಗ್ಗೆ ನಾಲ್ಕು ಮಾತು ಹೇಳಿದರು. ಗುರುವಾರ ಮಧ್ಯಾಹ್ನ ಒಂದೂವರೆಗೆ ಸೀಟು ಬದಲಾವಣೆಯ ಪುಸ್ತಕ ಮುಚ್ಚುತ್ತದೆಂದು ಪ್ರಿಯಾಂಕ ನೆನಪಿಸಿದಳು. ಅದಕ್ಕೆ ಮುಂಚೆಯೇ ತಮ್ಮ ಭಾಷಣದ ಕೊನೆಯಲ್ಲಿ ಎಲ್ಲವೂ ಇತ್ಯರ್ಥವಾಗುವುದೆಂದು ಅವರು ಅಭಯವಿತ್ತರು. ಕೊನೆಯಲ್ಲಿ ಎಂಬ ಶಬ್ದ ಕೇಳಿ ಅವಳು ತಲೆ ಹಿಡಿದುಕೊಂಡು ಕುಳಿತಳು.

ಗುರುವಾರ ಬೆಳಿಗ್ಗೆ ಮಕ್ಕಳನ್ನು ಅವರವರ ಕೋರ್ಸಿಗೆ ಕರೆದೊಯ್ದು ಪರಿಚಯ ಮಾಡಿಸಿದರು. ಪ್ರಿಯಾಂಕಳಿಗೆ ಹಸಿರು ಕೋಟು ತೊಡಿಸಿ ಹನ್ನೆರಡು ಕುರಿಗಳ ಮುಂದೆ ನಿಲ್ಲಿಸಿ, ಅವುಗಳನ್ನು ಪರೀಕ್ಷೆಗೆ ಅನುಕೂಲವಾಗುವಂತೆ ಬೇರ್ಪಡಿಸಲು ಹೇಳಿದರು. ಅವಳು ಕರಿಯವನ್ನು ಹಿಂದೆ, ಕಂದು ಬಣ್ಣದವನ್ನು ನಡುವೆ, ಬಿಳಿಯವನ್ನು ಮುಂದೆ ನಿಲ್ಲಿಸಿ, ಮಚ್ಚೆಯ ಮರಿಯೊಂದನ್ನು ಎತ್ತರದ ಕಲ್ಲಿನ ಮೇಲೆ ಹತ್ತಿಸಿದಳು. ನೋಡಲು ಬಹಳ ಚೆನ್ನಾಗಿತ್ತು. ರೋಗದ ಕುರಿ ಯಾವುದೆಂದು ಮಾತ್ರ ತಿಳಿಯುತ್ತಿರಲಿಲ್ಲ. ಇತ್ತ ಚೇತನ್ ಕುಮಾರನ ಕೊರಳಿಗೆ ಅಳತೆಯ ಟೇಪು ಹಾಕಿ, ಅಧ್ಯಾಪಕರೊಬ್ಬರ ಕೋಟಿನ ಅಳತೆ ತೆಗೆಯಲು ಹೇಳಿದರು. ಕುರಿಗೆ ಮಾಡುವಂತೆಯೇ ಅವನು ಅವರ ತೋಳಿನ ಕೆಳಗಿಂದ ಎದೆ ಸುತ್ತ ಟೇಪು ಬಿಗಿದು, ಒಂದು ಸಲ ಬೆನ್ನು ತಟ್ಟಿ, “ಎಂಬತ್ತೆರಡು ಕೆಜಿ ಬೀಳ್ತಾರೆ. ಹಲ್ಲು ನೋಡುದ್ರೆ ವಯಸ್ಸೂ ಹೇಳ್ತೀನಿ,” ಎಂದ.

ಹನ್ನೆರಡೂಕಾಲಿಗೆ ರೇಣುಕಯ್ಯನವರು ಮೈಕಿನ ಮುಂದೆ ನಿಂತರು. ಜೇಬಿನಲ್ಲಿ ಬಹುಮಾನದ ಪೆನ್ನು. ಮುಂದಿನ ಸಾಲಿನಲ್ಲಿ ಗಂಗಹನುಮಯ್ಯ, ಪಕ್ಕದಲ್ಲಿ ಹಸಿರು ಕೋಟಿನ ಪ್ರಿಯಾಂಕ, ಅವಳ ಪಕ್ಕದಲ್ಲಿ ಟೇಪಿನ ಚೇತನ್ ಕುಮಾರ್. ಅವರು ಸೃಷ್ಟಿಯಿಂದ ಆರಂಭಿಸಿದರು. ಹನ್ನೆರಡೂವರೆಗೆ ಗೋವು ಬಂತು. ಹನ್ನೆರಡೂ ಮುಕ್ಕಾಲಿಗೆ ಹತ್ತಿ ಗಿಡ ಬಂತು. ಒಂದು ಗಂಟೆಗೆ ಅಡುಗೆಯ ಕಡೆಯಿಂದ ಪುಳಿಯೋಗರೆಯ ವಾಸನೆ ಬಂತು. ಸಭೆಯ ಮೂಗುಗಳೆಲ್ಲ ಒಟ್ಟಾಗಿ ಅತ್ತ ತಿರುಗಿದವು. ಪ್ರಿಯಾಂಕ ಕೈಗಡಿಯಾರ ತೋರಿಸಿದಳು. ಅವರು ಕಣ್ಣಿನಲ್ಲೇ ಸಮಾಧಾನ ಹೇಳಿದರು. ಒಂದು ಗಂಟೆ ಹತ್ತು ನಿಮಿಷಕ್ಕೆ ಎದೆಯುಬ್ಬಿಸಿ, ಸ್ವರವನ್ನು ಒಂದು ಮೆಟ್ಟಿಲು ಏರಿಸಿ, “ಕೊನೆಯದಾಗಿ,” ಎಂದರು.

ಆ ಶಬ್ದಕ್ಕಾಗಿಯೇ ಕಾದಿದ್ದ ಸಭೆ ಚಪ್ಪಾಳೆಯಲ್ಲಿ ಸ್ಫೋಟಗೊಂಡಿತು. ಎಲ್ಲರೂ ಎದ್ದರು. ಯಾರೋ ಶಾಲು ಹೊದಿಸಿದರು, ಯಾರೋ ಪೇಟ ತೊಡಿಸಿದರು, ಮೂರನೆಯವರು ಹಾಕಿದ ಹಾರ ಸರಿಯಾಗಿ ಬಾಯಿಗೇ ಅಡ್ಡ ಬಂತು. ಚೆಂಡು ಹೂವಿನ ಹಿಂದಿನಿಂದ ಅವರ ಕೊನೆಯ ವಾಕ್ಯ ಏನೋ ಹೊರಟಿತು, ಹೂವಿನಲ್ಲೇ ತಂಗಿತು. ಹಾರ ಸರಿಸಿಕೊಂಡು ನೋಡುವಷ್ಟರಲ್ಲಿ ಮುಂದಿದ್ದದ್ದು ಖಾಲಿ ಕುರ್ಚಿಗಳು, ಒಬ್ಬ ಗೆಳೆಯ, ಇಬ್ಬರು ಮಕ್ಕಳು.

ಗಂಗಹನುಮಯ್ಯ ಸಾವಧಾನವಾಗಿ ಎದ್ದು ಬಂದ. “ರೇಣುಕಣ್ಣ, ನನ್ ಕುರಿಗೊಳೇ ವಾಸಿ ಕಣಣ್ಣ. ಬೇಕಾದುದ್ನ ಮೊದಲನೇ ಸಲಕ್ಕೇ ಅರಚ್ತವೆ.”

ಪ್ರಾಂಶುಪಾಲರು ಊಟಕ್ಕೂ ನಿಲ್ಲದೆ ತುಮಕೂರಿನ ಸಭೆಗೆ ಹೊರಟಿದ್ದಾರೆಂದು ಸರೋಜಮ್ಮ ಹೇಳಿದರು. ಅವರ ಸಹಿಯಿಲ್ಲದೆ ಪುಸ್ತಕದಲ್ಲಿ ಏನೂ ಬರೆಯುವಂತಿಲ್ಲ. ಗಂಟೆ ಒಂದೂ ಇಪ್ಪತ್ತು. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಸಮೇತ ರೇಣುಕಯ್ಯನವರು ಅಂಗಳದಲ್ಲಿ ಓಡಿದರು. ಹಿಂದೆ ಹಸಿರು ಕೋಟು, ಅದರ ಹಿಂದೆ ಟೇಪು, ಅದರ ಹಿಂದೆ ಕಂಬಳಿ. ಪ್ರಭುದೇವ್ ಅವರ ಒಂದು ಕಾಲು ಕಾರಿನೊಳಗಿತ್ತು.

“ಅದ್ಭುತವಾದ ಭಾಷಣ. ಇನ್ನೊಮ್ಮೆ ಬಿಡುವಾಗಿ ಕೇಳ್ತೀನಿ,” ಎಂದು ಅವರು ಇನ್ನೊಂದು ಕಾಲನ್ನೂ ಎತ್ತಿದರು.

ರೇಣುಕಯ್ಯನವರ ಬಾಯಿಗೆ ‘ಮಾನ್ಯರೇ, ಅನಾದಿಕಾಲದಿಂದಲೂ’ ಎಂಬುದು ಬಂದೇಬಿಟ್ಟಿತ್ತು. ಪಕ್ಕಕ್ಕೆ ನೋಡಿದರು. ಪ್ರಿಯಾಂಕ ಅಂಗಡಿಯ ಗಾಜಿನ ಹಿಂದಿನ ಗೊಂಬೆಯ ಹಾಗೆ ನೇರ ನಿಂತಿದ್ದಳು. ಅವರು ಕಣ್ಣು ಮುಚ್ಚಿದರು. ಜಯರಾಮಯ್ಯ ಮೇಷ್ಟ್ರ ಕ್ಷಮೆಯನ್ನು ಮನಸ್ಸಿನಲ್ಲೇ ಕೇಳಿದರು.

“ಇವಳ ಸೀಟು ಅವನಿಗೆ ಕೊಡಿ, ಅವನ ಸೀಟು ಇವಳಿಗೆ ಕೊಡಿ.”

ಪ್ರಭುದೇವ್ ಕಾಲನ್ನು ಕೆಳಗಿಟ್ಟರು. “ಇಷ್ಟೇನಾ? ಮೊನ್ನೆಯೇ ಹೇಳಬಹುದಿತ್ತಲ್ಲ?”

“ನಾಲ್ಕನೆಯ ಪುಟದಲ್ಲಿ ಹೇಳಿದ್ದೇನೆ.”

ಸರೋಜಮ್ಮ ಓಡಿಹೋಗಿ ಕಡತವನ್ನೂ ಬದಲಾವಣೆಯ ಪುಸ್ತಕವನ್ನೂ ತಂದರು. ಎರಡು ದಿನದ ಬರವಣಿಗೆಯಲ್ಲಿ ಮಸಿ ತೀರುತ್ತ ಬಂದು ಕೊನೆಯ ಸಾಲು ಮಂಕಾಗಿತ್ತು. ಪ್ರಾಂಶುಪಾಲರು ಹಾಳೆಯನ್ನು ಬಿಸಿಲಿಗೆ ಹಿಡಿದು ಎರಡು ಸಲ ಓದಿದರು. ಆಮೇಲೆ ಕಾರಿನ ಬಾನೆಟ್ಟಿನ ಮೇಲೆಯೇ ಪುಸ್ತಕ ತೆರೆಸಿ ಸಹಿ ಹಾಕಿದರು. ಪೋಷಕರ ಹೇಳಿಕೆಗೆ ಆ ಪುಸ್ತಕದಲ್ಲಿದ್ದದ್ದು ಒಂದೇ ಒಂದು ಸಾಲಿನ ಜಾಗ. ಬಹುಮಾನದ ಪೆನ್ನು ಆ ಸಾಲಿನೊಳಗೇ ಬರೆದು ನಿಂತಿತು.

ಸಂಜೆ ಮನೆಯಲ್ಲಿ ರೇಣುಕಯ್ಯನವರ ನಡವಳಿಕೆ ಆತಂಕ ಹುಟ್ಟಿಸುವಂತಿತ್ತು. ಏನಾಯಿತೆಂದು ಸಣ್ಣಕ್ಕ ಗೋಡೆಯಾಚೆಯಿಂದ ಕೇಳಿದ್ದಕ್ಕೆ, “ಸೀಟು ಬದಲಾಯಿತು,” ಎಂದರು. ಅಷ್ಟೇ. ಮುಂದಿನ ಮಾತಿಗಾಗಿ ಸಣ್ಣಕ್ಕ ಗೋಡೆಗೆ ಆತುಕೊಂಡು ಬಹಳ ಹೊತ್ತು ಕಾದಳು. ಜಗದಾಂಬ ಬಂದು ಗಂಡನ ಹಣೆ ಮುಟ್ಟಿ ನೋಡಿದರು. ಅಂಗಡಿ ಮುಚ್ಚಿ ಬಂದ ಬಸವೇಶ, ಡಾಕ್ಟರನ್ನು ಕರೆಯಲೇ ಎಂದು ತಾಯಿಯನ್ನು ಪಿಸುದನಿಯಲ್ಲಿ ಕೇಳಿದ.

ಪ್ರಿಯಾಂಕ ಚೇತನ್ ಕುಮಾರನಿಂದ ಪಡೆದ ಟೇಪನ್ನು ಕೊರಳಲ್ಲೇ ಹಾಕಿಕೊಂಡು ತಾತನ ಪಕ್ಕ ಬಂದು ಕುಳಿತಳು. “ತಾತ, ಆ ಪ್ರಬಂಧದ ಕಥೆ ಹೇಳು.”

“ಅರವತ್ತೊಂಬತ್ತರಲ್ಲಿ ನನಗೆ ಮೊದಲ ಬಹುಮಾನ ಬಂತು,” ಎಂದರು ರೇಣುಕಯ್ಯನವರು. ಬಾಯಿ ಮುಚ್ಚಿದರು.

ಅಡುಗೆಮನೆಯಲ್ಲಿ ತಟ್ಟೆಗಳ ಸದ್ದು ನಿಂತಿತು.

“ಆಮೇಲೆ?”

“ಆಮೇಲೇನಿದೆ? ಮೊದಲೇ ಹೇಳಿಬಿಟ್ಟೆನಲ್ಲ.”

ಪ್ರಿಯಾಂಕ ಕೈಗಡಿಯಾರವನ್ನು ಕಳಚಿ ಕಿಟಕಿಯ ಮೇಲಿಟ್ಟು, ಗೋಡೆಗೆ ಒರಗಿ, ಕಾಲು ಚಾಚಿಕೊಂಡಳು.

“ಇದು ಬೇಡ ತಾತ. ಬಸ್ಸು ಬರಲಿಲ್ಲ ಅನ್ನೋದ್ರಿಂದ ಇನ್ನೊಂದ್ಸಲ ಹೇಳು.”